ಅಲುಗದ ಅಂಕಿ

ನಮ್ಮ ವಾದಿಯಲ್ಲಿ, ಅಂದರೆ ಮರಳುಗಾಡಿನ ಈ ಒಣಹೊಳೆಯ ಕಣಿವೆಯಲ್ಲಿ, ನೀರು ಹರಿಯುವುದು ನಮ್ಮೂರಿನ ಮಳೆಯಿಂದಲ್ಲ. ಮಳೆ ಉತ್ತರದ ಕಲ್ಲುಗಾಡಿನಲ್ಲೆಲ್ಲೋ ಬೀಳುತ್ತದೆ. ಇಲ್ಲಿ ಬಿಸಿಲು ಕಾಯುತ್ತಿರುತ್ತದೆ, ಹೆಂಗಸರು ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿರುತ್ತಾರೆ, ಎಷ್ಟೋ ತಿಂಗಳಿಂದ ಒಣಗಿರುವ ಹೊಳೆಯ ಮರಳಿನಲ್ಲಿ ಮಕ್ಕಳು ಚೆಂಡಾಡುತ್ತಿರುತ್ತಾರೆ. ಆ ಹೊತ್ತಿಗೆ ನೀರು ಬಂದುಬಿಡುತ್ತದೆ. ಅದಕ್ಕೇ ನಮ್ಮ ಹಿರಿಯರು ಖರ್ಜೂರದ ತೋಟಗಳ ತಲೆಭಾಗದಲ್ಲಿ ಕಾವಲು ಕೋಣೆ ಕಟ್ಟಿದ್ದು. ನೀರು ಬರುತ್ತಿದೆ ಎಂದು ಗೊತ್ತಾದರೆ ಕಾವಲಿನವನು ಕೋವಿಗೆ ಮದ್ದು ತುಂಬಿ ಮೂರು ಸಲ ಹಾರಿಸುತ್ತಾನೆ. ತೋಟದಲ್ಲಿದ್ದವರು ಕೈಯಲ್ಲಿದ್ದುದನ್ನು ಬಿಟ್ಟು ದಿಬ್ಬ ಹತ್ತಬೇಕು.

ಹಿಂದೆ ಮೇಲಿನ ಕಂದರದ ಹತ್ತಿರ ಆಳುಗಳು ಕೂತು ನೋಡುತ್ತಿದ್ದರು. ಈಗ ಅಲ್ಲಿ ಯಾರೂ ಇಲ್ಲ. ನೀರಿನ ಎತ್ತರ ಅಳೆಯುವ ಒಂದು ಕಂಬವಿದೆ. ಅದರ ಸುದ್ದಿ ಗುಡ್ಡದಿಂದ ಗುಡ್ಡಕ್ಕೆ ಗಾಳಿಯಲ್ಲೇ ದಾಟಿ ನಮ್ಮ ಕಾವಲು ಕೋಣೆಯ ಲ್ಯಾಪ್‌ಟಾಪಿಗೆ ವೈಫೈ ಮೂಲಕ ಬರುತ್ತದೆ. ಕೋಣೆಗೆ ಕರೆಂಟಿಲ್ಲ, ಇರುವುದು ಒಂದು ಸೌರ ಫಲಕ, ಹಳೆಯದೊಂದು ಬ್ಯಾಟರಿ. ಲ್ಯಾಪ್‌ಟಾಪ್ ಹಗಲಿಡೀ ಎಚ್ಚರವಿದ್ದರೆ ಸಂಜೆಯ ಹೊತ್ತಿಗೆ ಬ್ಯಾಟರಿ ಬರಿದಾಗುತ್ತಿತ್ತು. ಆದ್ದರಿಂದ ಅದು ನಿದ್ದೆ ಮಾಡುತ್ತಿತ್ತು. ಕಾಲು ಗಂಟೆಗೊಮ್ಮೆ ತಾನೇ ಎದ್ದು, ವೈಫೈ ಹಿಡಿದು, ಕಂಬದಿಂದ ಒಂದು ಅಂಕಿ ತಂದು ಪರದೆಯ ಮೇಲೆ ತೋರಿಸಿ, ಮತ್ತೆ ಮಲಗುತ್ತಿತ್ತು.

ಅದು ಕೆಟ್ಟಾಗಲೆಲ್ಲ ನೋಡುತ್ತಿದ್ದವಳು ನನ್ನ ತಂಗಿ ಮೆನ್ನಾ. ಹೆಣ್ಣುಮಕ್ಕಳ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಗಂಡನ ಬಟ್ಟೆ ಅಂಗಡಿ ದೂರದ ಓರಾನ್ ಪಟ್ಟಣದಲ್ಲಿ, ಅವನು ಹಬ್ಬಕ್ಕೆ ಬಂದರೆ ಬಂದ. ಕಾವಲು ಕೋಣೆ ಗಂಡಸರ ಜಾಗ, ಅವಳೊಬ್ಬಳೇ ಹೋಗುವಂತಿಲ್ಲವಾದ್ದರಿಂದ ಪ್ರತಿ ಸಲವೂ ನಾನು ಜೊತೆಗೆ ಹೋಗುತ್ತಿದ್ದೆ. ಒಳಗೆ ಹೋದ ಮೇಲೆ ಬಿಳಿ ಹೊದಿಕೆಯನ್ನು ತಲೆಯ ಹಿಂದಕ್ಕೆ ಸರಿಸಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು, ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ನನಗೆ ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ. ನಾನು ಮರ ಹತ್ತುವವನು. ಆದರೆ ಅಷ್ಟು ಸಲ ಪಕ್ಕದಲ್ಲಿ ಕೂತು ಕೂತು ಅವಳ ಮುಖ ನೋಡಿದರೆ ಒಳಗೇನಾಗಿದೆ ಎಂದು ಗೊತ್ತಾಗುವಷ್ಟು ಕಲಿತಿದ್ದೆ.

ತೊಂದರೆ ಶುರುವಾದದ್ದು ವಸಂತದಲ್ಲಿ. ಒಂದು ದಿನ ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗ ಅರ್ಥವಿಲ್ಲದ ದೊಡ್ಡದೊಂದು ಅಂಕಿ ತೋರಿಸಿತು. ಕಾವಲಿನ ಹಿರಿಯ, ಹಾಜ್ ಬಹ್ಮದ್, ಹಿಂದೆಮುಂದೆ ನೋಡದೆ ಮದ್ದು ಹಾರಿಸಿದ. ಊರಿಗೆ ಊರೇ ದಿಬ್ಬ ಹತ್ತಿ ಕೂತಿತು. ಒಂದು ಹನಿ ನೀರೂ ಬರಲಿಲ್ಲ. ಆಮೇಲೆ ಅವನು ಸಂತೆಗೆ ಹೋದರೆ ಸಾಕು, ಯಾರಾದರೊಬ್ಬರು ಕೇಳುತ್ತಿದ್ದರು: "ಹಾಜ್, ಇವತ್ತು ನೀರು ಉಂಟಾ, ಬರೀ ಹೊಗೇನಾ?" ಅವನು ನಗುತ್ತಿದ್ದ. ಆದರೆ ಆ ನಗು ಅವನಿಗೆ ಒಳಗೇ ಚುಚ್ಚುತ್ತಿತ್ತು. ಮಕ್ಕಳೂ ಅವನನ್ನು ಕಂಡರೆ ಬಾಯಲ್ಲೇ ಢಂ ಅನ್ನುತ್ತಿದ್ದರು.

ಬೇಸಿಗೆಯಲ್ಲಿ ಇನ್ನೊಂದು ತರಹ ಆಯಿತು. ಎದ್ದ ಮೇಲೆ ವೈಫೈ ಹಿಡಿಯುತ್ತಲೇ ಇರಲಿಲ್ಲ. ಬಂದ್ ಮಾಡಿ ಶುರು ಮಾಡಿದರೆ ಸರಿಹೋಗುತ್ತಿತ್ತು. ಮೆನ್ನಾ ಬಂದು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚುವಳು, ತೆಗೆಯುವಳು. ಸರಿಯಾಗಿಯೇ ಇರುತ್ತಿತ್ತು. ಮತ್ತೆ ಮುಚ್ಚುವಳು, ತೆಗೆಯುವಳು. ಮತ್ತೂ ಸರಿ. ಅವಳು ಬೆವರು ಒರೆಸಿಕೊಂಡು ಹೋದ ಮಾರನೆಯ ದಿನ ಮತ್ತೆ ಅದೇ ಗೋಳು.

"ನಿನ್ನ ಕಂಡ್ರೆ ಹೆದರುತ್ತೆ ಕಣಮ್ಮ ಇದು," ಎಂದ ಬಹ್ಮದ್. "ನಮ್ಮ ಕೋಣೆಗೊಂದು ನಿನ್ನ ಫೋಟೋ ಹಾಕಿಬಿಡ್ತೀನಿ."

"ಪೂರ್ತಿ ಕೆಟ್ಟಿದ್ರೆ ಒಳ್ಳೇದಿತ್ತು ಹಾಜ್," ಎಂದಳು ಮೆನ್ನಾ. ಅವಳು ನಗಲಿಲ್ಲ. "ಒಂದು ಸಲ ಸರಿ, ಒಂದು ಸಲ ಇಲ್ಲ ಅಂದ್ರೆ ಯಾವ ಸಲ ನಂಬೋದು?"

ಕೊನೆಗೆ ಅವಳು ಒಂದು ಉಪಾಯ ಹೂಡಿದಳು. ಲ್ಯಾಪ್‌ಟಾಪ್ ಮಲಗುವಾಗ ಒಳಗಿನ ವೈಫೈ ಕಾರ್ಡೂ ಮಲಗುತ್ತದೆ. ಲ್ಯಾಪ್‌ಟಾಪ್ ಎದ್ದರೂ ಕಾರ್ಡ್ ಕೆಲವೊಮ್ಮೆ ಏಳುವುದಿಲ್ಲ. ಆದ್ದರಿಂದ ಎದ್ದ ಕೂಡಲೇ ಕಾರ್ಡನ್ನು ನಡೆಸುವ ತಂತ್ರಾಂಶವನ್ನು ಒಮ್ಮೆ ಇಳಿಸಿ ಮತ್ತೆ ಏರಿಸುವ ಹಾಗೆ ಬರೆದಿಟ್ಟಳು. ಅದಾದ ಮೇಲೆ ತೊಂದರೆ ಕಾಣಿಸಿಕೊಳ್ಳಲಿಲ್ಲ. ಎಲ್ಲರೂ ಅವಳನ್ನು ಹೊಗಳಿದರು. ತೋಟದಿಂದ ಮನೆಗೆ ಹೋಗುವ ದಾರಿಯಲ್ಲಿ ನಾನೂ ಹೊಗಳಿದೆ.

"ಸುಮ್ನಿರಣ್ಣಾ," ಎಂದಳು. "ಬಾಗಿಲು ಜೋರಾಗಿ ತಟ್ಟಿದ್ರೆ ಒಳಗೆ ಮಲಗಿದವನು ಏಳ್ತಾನೆ ಅಷ್ಟೆ. ಯಾಕೆ ಪ್ರಜ್ಞೆ ತಪ್ಪಿ ಬಿದ್ದಿದ್ದ ಅಂತ ನಂಗಿನ್ನೂ ಗೊತ್ತಿಲ್ಲ. ತಟ್ಟಿದ್ರೂ ಏಳದೇ ಇದ್ರೆ?"

ಅವಳ ಭಯ ನನಗೆ ಅತಿಯೆನಿಸಿತ್ತು.

ಖರ್ಜೂರ ಕೊಯ್ಯುವ ಕಾಲ ಬಂತು. ಊರಿನ ಅರ್ಧಕ್ಕರ್ಧ ಜನ ವಾದಿಯೊಳಗಿನ ತೋಟಗಳಲ್ಲೇ ಇರುವ ದಿನಗಳವು. ಉತ್ತರದಲ್ಲಿ ಮಳೆಯಾಗಬಹುದು ಎಂದು ರೇಡಿಯೋ ಹೇಳಿತ್ತು. ಆದರೆ ಶರತ್ಕಾಲದಲ್ಲಿ ರೇಡಿಯೋ ಅದನ್ನು ವಾರಕ್ಕೊಮ್ಮೆ ಹೇಳುತ್ತದೆ. ಅದನ್ನು ಕೇಳಿ ಯಾರೂ ಹಣ್ಣು ಬಿಟ್ಟು ಬರುವುದಿಲ್ಲ. ನನ್ನ ಹೆಂಡತಿ ಫಾಫಾ, ಮೆನ್ನಾಳ ಮಗಳು ಬಹೀಜಾಳನ್ನು ಕರೆದುಕೊಂಡು ಬೆಳಗ್ಗೆಯೇ ತೋಟಕ್ಕೆ ಇಳಿದಿದ್ದಳು. ಮಗುವಿಗೆ ಐದು ವರ್ಷ. ಕೆಳಗೆ ಬಿದ್ದ ಹಣ್ಣು ಆರಿಸುವುದಕ್ಕಿಂತ ತಿನ್ನುವುದೇ ಹೆಚ್ಚು. ನಾನು ಮಧ್ಯಾಹ್ನದವರೆಗೆ ಮರ ಹತ್ತಿ, ಶಾಲೆ ಬಿಟ್ಟ ಮೇಲೆ ಮೆನ್ನಾಳ ಜೊತೆ ಕಾವಲು ಕೋಣೆಗೆ ಹೋದೆ. ಲ್ಯಾಪ್‌ಟಾಪಿನಲ್ಲಿ ಆಗ ತೊಂದರೆಯೇನೂ ಇರಲಿಲ್ಲ. ಅವಳಿಗೆ ಸಮಾಧಾನವಿರಲಿಲ್ಲ, ಅಷ್ಟೇ.

ಬಹ್ಮದ್ ಚಹಾ ಕಾಯಿಸುತ್ತಿದ್ದ. "ಎಲ್ಲಾ ಸರಿ ಇದೆ ಮಗಳೇ. ನಾಲ್ಕು ಅಂತ ತೋರಿಸ್ತಿದೆ. ಬೆಳಗಿಂದ ನಾಲ್ಕೇ."

ಕಂಬದ ಬುಡದಲ್ಲಿ ಸ್ವಲ್ಪ ಹೂಳು ಸೇರಿದೆ. ಹೊಳೆ ಒಣಗಿದ್ದರೂ ಅದು ನಾಲ್ಕು ಸೆಂಟಿಮೀಟರ್ ಎಂದೇ ತೋರಿಸುತ್ತದೆ. ನಾಲ್ಕು ಎಂದರೆ ನೀರಿಲ್ಲ ಎಂದರ್ಥ.

ಮೆನ್ನಾ ಪರದೆ ನೋಡಿದಳು. ಅಂಕಿಯ ಪಕ್ಕದಲ್ಲಿ ಈಗಿನ ಗಂಟೆ ಇತ್ತು. ಮೂಲೆಯಲ್ಲಿ ವೈಫೈ ಗುರುತು ತುಂಬಿಕೊಂಡಿತ್ತು. ಎಲ್ಲವೂ ಸರಿಯಾಗಿತ್ತು. ಅವಳು ಹಿಂದಿನ ಅಂಕಿಗಳನ್ನು ಮೇಲಕ್ಕೆ ಸರಿಸುತ್ತಾ ಹೋದಳು. ನಾನು ಚಹಾದ ಲೋಟ ಅವಳ ಮುಂದಿಟ್ಟೆ. ಅವಳು ಕೈಯೆತ್ತಲಿಲ್ಲ.

"ಬೆಳಗಿಂದ ನಾಲ್ಕೇ ಅಂದ್ರಿ ಅಲ್ವಾ ಹಾಜ್?"

"ಹೂಂ. ನಾಲ್ಕು."

"ನಿನ್ನೆ ನೋಡಿ. ಮೂರು ಪಾಯಿಂಟ್ ಎಂಟು. ನಾಲ್ಕು ಪಾಯಿಂಟ್ ಒಂದು. ನಾಲ್ಕು. ಮೂರು ಪಾಯಿಂಟ್ ಒಂಬತ್ತು. ಬಿಸಿಲಿಗೆ, ಗಾಳಿಗೆ ಅದು ಅಲುಗಾಡ್ತಾನೇ ಇರುತ್ತೆ. ಇವತ್ತು ಬೆಳಗಿಂದ ಒಂದು ಕೂದಲೂ ಅಲುಗಿಲ್ಲ."

"ಗಾಳಿ ಇಲ್ವೇನೋ."

ಅವಳು ಗೋಡೆಯ ಮೇಲಿನ ವೈಫೈ ಪೆಟ್ಟಿಗೆಗೆ ಲ್ಯಾಪ್‌ಟಾಪಿನಿಂದ ಒಂದು ಸಣ್ಣ ಕರೆ ಕಳಿಸಿದಳು. ಪೆಟ್ಟಿಗೆ ಅವಳ ತಲೆಯಿಂದ ಎರಡು ಮೊಳ ದೂರದಲ್ಲಿತ್ತು. ಉತ್ತರ ಬರಲಿಲ್ಲ. ಮತ್ತೆ ಕಳಿಸಿದಳು. ಇಲ್ಲ. ಅವಳ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದೆ.

"ಏನೇ ಅದು?"

"ವೈಫೈ ಇದೆ ಅಂತ ಸುಳ್ಳು ಹೇಳ್ತಿದೆ ಅಣ್ಣಾ. ಕಾರ್ಡ್ ಎದ್ದೇ ಇಲ್ಲ. ಅಂಕಿ ತರೋ ಪ್ರೋಗ್ರಾಮಿಗೆ ಹೊಸದು ಸಿಗ್ತಿಲ್ಲ. ಸಿಗದೇ ಇದ್ರೆ ಸುಮ್ನಿರೋ ಬದಲು ಹಳೇ ಅಂಕೀನೇ ತೋರಿಸಿ ಪಕ್ಕದಲ್ಲಿ ಹೊಸ ಗಂಟೆ ಹಾಕ್ತಿದೆ. ಈ ನಾಲ್ಕು ಈಗಿಂದಲ್ಲ. ಬೆಳಗಿನ ಜಾವದ್ದು."

ಬಹ್ಮದ್ ಕೆಟಲನ್ನು ಕೆಳಗಿಟ್ಟ. "ಅಂದ್ರೆ ಈಗ ಮೇಲೆ ಎಷ್ಟಿದೆ?"

"ಗೊತ್ತಿಲ್ಲ."

ಕಿಟಕಿಯಾಚೆ ತೋಟಗಳು ಕಾಣುತ್ತಿದ್ದವು. ಬಿಸಿಲು, ಹಸಿರು ಗರಿಗಳು, ಅವುಗಳ ನಡುವೆ ಅಲ್ಲಲ್ಲಿ ಬಿಳಿ ಚುಕ್ಕೆಗಳಂತೆ ಹೆಂಗಸರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆ ಬಿಸಿಲು ನನ್ನನ್ನು ಹೆದರಿಸಿದಷ್ಟು ಯಾವ ಕಾರ್ಮೋಡವೂ ಹೆದರಿಸಿರಲಿಲ್ಲ.

ಮೆನ್ನಾ ತನ್ನ ಉಪಾಯವನ್ನು ಕೈಯಿಂದಲೇ ಮಾಡಿ ನೋಡಿದಳು. ತಂತ್ರಾಂಶ ಇಳಿಸಿದಳು, ಏರಿಸಿದಳು. ಈ ಸಲ ವೈಫೈ ಗುರುತೇ ಮಾಯವಾಯಿತು. ಲ್ಯಾಪ್‌ಟಾಪನ್ನು ಬಂದ್ ಮಾಡಿ ಮತ್ತೆ ಶುರು ಮಾಡಿದಳು. ಎದ್ದ ಮೇಲೆ ಅವಳು ಏನೋ ಬರೆದು ಓದಿದಳು.

"ಕಾರ್ಡೇ ಇಲ್ಲ ಅಂತಿದೆ. ಒಳಗೆ ಅಂಥದ್ದೊಂದು ಇರಲೇ ಇಲ್ಲ ಅನ್ನೋ ಹಾಗೆ." ಅವಳು ಲ್ಯಾಪ್‌ಟಾಪನ್ನು ಮತ್ತೆ ಬಂದ್ ಮಾಡಿದಳು. "ಬಂದ್ ಮಾಡಿದ್ರೂ ಅದಕ್ಕೆ ಸ್ವಲ್ಪ ಕರೆಂಟ್ ಹೋಗ್ತಾನೇ ಇರುತ್ತೆ. ಬ್ಯಾಟರಿ ಬಿಚ್ಚಿ ಪೂರ್ತಿ ಸಾಯಿಸಿ ಎಬ್ಬಿಸ್ಬೇಕು. ಸ್ಕ್ರೂ ಬಿಚ್ಚೋದು ಕೊಡಿ."

ಸ್ಕ್ರೂಡ್ರೈವರ್ ಇರಲಿಲ್ಲ. ಗೊನೆ ಕತ್ತರಿಸುವ ನನ್ನ ಬಾಗು ಕತ್ತಿಯ ತುದಿಯನ್ನೇ ಕೊಟ್ಟೆ. ಅವಳು ಲ್ಯಾಪ್‌ಟಾಪನ್ನು ಮಗುಚಿ ಹಾಕಿ ಮೊದಲ ಸ್ಕ್ರೂಗೆ ಕೈಹಾಕಿದಳು. ಆಮೇಲೆ ತಲೆಯೆತ್ತಿ ಬಹ್ಮದನನ್ನು ನೋಡಿದಳು.

"ಹಾಜ್, ಮದ್ದು ಹಾರಿಸಿ."

"ನೀರು ಇದೆಯಾ?"

"ಗೊತ್ತಿಲ್ಲ ಅಂದ್ನಲ್ಲ."

"ಇಲ್ಲದೇ ಇದ್ರೆ?"

"ಅದೂ ಗೊತ್ತಿಲ್ಲ. ನಮಗೆ ಕಣ್ಣು ಹೋಗಿದೆ, ಅಷ್ಟು ಗೊತ್ತು. ಬೆಳಗಿಂದ ಹೋಗಿದೆ."

ಬಹ್ಮದ್ ಕೋವಿಯ ಹತ್ತಿರ ಹೋದ, ಮುಟ್ಟಲಿಲ್ಲ. "ಮೊದಲು ಅದನ್ನ ಎಬ್ಬಿಸಮ್ಮ. ಒಂದು ಅಂಕಿ ಬರಲಿ. ಈ ಸಲವೂ ಸುಳ್ಳಾದ್ರೆ ಇನ್ನು ಮುಂದೆ ನಾನು ಎಷ್ಟು ಹಾರಿಸಿದ್ರೂ ಒಬ್ಬನೂ ಅಲುಗಲ್ಲ. ಆಗ ನಿಜವಾದ ನೀರು ಬಂದ್ರೆ ಏನು ಮಾಡ್ಲಿ?"

ಅವನು ಹೇಳಿದ್ದು ಸುಳ್ಳಲ್ಲ. ಅದೇ ಕಷ್ಟವಾಗಿತ್ತು. ನಾನು ಬಾಗಿಲ ಕಡೆ ಹೊರಟೆ. ಫಾಫಾ, ಬಹೀಜಾ, ಅಷ್ಟು ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

"ನಿಂತ್ಕೊ ಅಣ್ಣಾ," ಎಂದಳು ಮೆನ್ನಾ. "ನೀನು ಹೋದ್ರೆ ನಮ್ಮವರು ಇಬ್ಬರು ಬರ್ತಾರೆ. ಮದ್ದು ಹಾರಿದ್ರೆ ಎಲ್ಲರೂ ಬರ್ತಾರೆ." ಆಮೇಲೆ ಬಹ್ಮದನ ಕಡೆ ತಿರುಗಿದಳು. "ಸುಳ್ಳಾದ್ರೆ ನನ್ನ ಹೆಸರು ಹೇಳಿ. ಮೆನ್ನಾ ಹೇಳಿದ್ಲು, ಹುಚ್ಚಿ, ಕಂಪ್ಯೂಟರ್ ಕೆಟ್ಟಿದ್ದಕ್ಕೆ ಊರನ್ನೇ ಓಡಿಸಿದ್ಲು ಅನ್ನಿ. ನನ್ನ ಮಗಳು ಕೆಳಗಿದ್ದಾಳೆ ಹಾಜ್."

ಅವನು ಇನ್ನೂ ಒಂದು ಗಳಿಗೆ ನಿಂತ. ಆ ಗಳಿಗೆ ಎಷ್ಟು ಉದ್ದವಿತ್ತು ಎಂದು ಆಮೇಲೆ ನಾವು ಮೂವರೂ ಬೇರೆ ಬೇರೆಯಾಗಿ ಯೋಚಿಸಿದ್ದೇವೆ. ಕೊನೆಗೆ ಅವನು ಕೋವಿ ತೆಗೆದುಕೊಂಡು ಮೆಟ್ಟಿಲು ಹತ್ತಿದ. ಮಾಳಿಗೆಯಿಂದ ಒಂದು, ಎರಡು, ಮೂರು ಸದ್ದಾಯಿತು. ಸೂರಿನಿಂದ ಸುಣ್ಣ ಉದುರಿತು. ಮೆನ್ನಾ ಅಷ್ಟರಲ್ಲಿ ಬ್ಯಾಟರಿ ಕಿತ್ತು, ಗುಂಡಿಯನ್ನು ಒತ್ತಿ ಹಿಡಿದು, ಮತ್ತೆ ಜೋಡಿಸಿ ಲ್ಯಾಪ್‌ಟಾಪನ್ನು ಶುರು ಮಾಡಿದ್ದಳು.

ಈ ಸಲ ಕಾರ್ಡ್ ಇತ್ತು. ವೈಫೈ ಹಿಡಿಯಿತು. ಪರದೆಯ ಮೇಲೆ ಒಂದು ಅಂಕಿ ಬಂತು.

ಮುನ್ನೂರ ಹನ್ನೆರಡು.

ಮೆನ್ನಾ ಕೂಡಲೇ ಇನ್ನೊಂದು ಅಂಕಿ ತರಿಸಿದಳು. ಮುನ್ನೂರ ಹದಿನೇಳು.

"ಮೇಲೆ ಮೂರಾಳು ನೀರು," ಎಂದೆ. ಮೂರು ಮೀಟರಿಗೂ ಮೂರಾಳಿಗೂ ಇರುವ ವ್ಯತ್ಯಾಸ ಆಗ ಹೊಳೆಯಲಿಲ್ಲ. "ಇಲ್ಲಿಗೆ ಬರೋಕೆ ಎಷ್ಟು ಹೊತ್ತು ಬೇಕು?"

"ಯಾವಾಗ ಹೊರಟಿದೆ ಅಂತ ಇದು ಹೇಳಲ್ಲ," ಎಂದಳು ಅವಳು. "ಈಗ ತಾನೇ ಏರಿತೋ, ಬೆಳಗ್ಗೇನೇ ಏರಿತೋ. ಓಡು."

ನಾನು ಓಡಿದೆ. ದಿಬ್ಬದ ಕಡೆ ಜನ ಬರುತ್ತಿದ್ದರು, ಆದರೆ ಓಡಿ ಬರುತ್ತಿರಲಿಲ್ಲ. ಬುಟ್ಟಿ ಹೊತ್ತುಕೊಂಡು, ಹರಟುತ್ತಾ ಬರುತ್ತಿದ್ದರು. "ಹಾಜ್‌ಗೆ ಕೈ ಕಡೀತಿತ್ತು ಅಂತ ಕಾಣುತ್ತೆ," ಎಂದು ಒಬ್ಬಳು ನಗುತ್ತಿದ್ದಳು. ನಾನು ಅವಳ ಬುಟ್ಟಿಯನ್ನು ಕಿತ್ತೆಸೆದೆ. ಮೂರು ಮೀಟರ್ ನೀರು, ಕಣ್ಣಾರೆ ನೋಡಿದೆ, ಓಡಿ ಎಂದು ಕೂಗುತ್ತಾ ಕೆಳಗಿಳಿದೆ. ನನ್ನ ಮುಖ ನೋಡಿದವರು ನಗು ನಿಲ್ಲಿಸಿದರು.

ನಮ್ಮ ಪಕ್ಕದ ತೋಟದಲ್ಲಿ ಸ್ಲಿಮಾನ್ ಇನ್ನೂ ಮರದ ತುದಿಯಲ್ಲೇ ಇದ್ದ.

"ಇಳಿಯೋ, ನೀರು ಬರ್ತಿದೆ."

"ಎಲ್ಲಿದೆ ನೀರು?"

"ಮೇಲಿದೆ."

"ನಾನೂ ಮೇಲೇ ಇದ್ದೀನಲ್ಲ," ಎಂದು ನಕ್ಕ.

ಅವನ ಜೊತೆ ವಾದಿಸುತ್ತಾ ನಿಲ್ಲಲಿಲ್ಲ. ತೋಟದ ಪಂಪು ನೋಡಿಕೊಳ್ಳುವ ಹಮ್ಮೂ ಎದುರಿಗೆ ಬಂದ. ಮಾತು ಕಡಿಮೆ, ಒಳ್ಳೆಯ ಮನುಷ್ಯ. "ನಿಜವಾ ಅಯ್ಯೂಬ್?" ಎಂದು ಕೇಳಿದ. "ನಿಜ," ಎಂದೆ. "ಹಾಗಾದ್ರೆ ನಿನ್ನ ಹೆಂಡತಿ ಆಗ್ಲೇ ಮಗೂನ ಬೆನ್ನಿಗೆ ಕಟ್ಕೊಂಡು ಬೇಲಿ ದಾಟಿದಾಳೆ, ಆ ಕಡೆಯಿಂದ ಹೋಗು," ಎಂದ. ನಾನು ಅತ್ತ ತಿರುಗಿದೆ. ಅವನು ಇತ್ತ ತಿರುಗಿದ.

"ನೀನೆಲ್ಲಿಗೆ?"

"ಹೇಸರಗತ್ತೆ ಇನ್ನೂ ಕಟ್ಟೇ ಇದೆ. ಬಿಚ್ಚಿ ಬರ್ತೀನಿ."

ಬೇಡ ಎಂದೆ. ಕೈಬೀಸಿ ಹೋದ.

ಫಾಫಾಳನ್ನು ದಿಬ್ಬದ ಬುಡದಲ್ಲಿ ಹಿಡಿದೆ. ಮಗು ಅವಳ ಬೆನ್ನ ಮೇಲೆ ಬಾಯಿ ಅಂಟಂಟು ಮಾಡಿಕೊಂಡು ನಿದ್ದೆ ಹೋಗಿತ್ತು. ಮಗುವನ್ನು ನಾನೆತ್ತಿಕೊಂಡೆ. ಆಗ ಗಾಳಿ ಬೀಸಿತು. ಬಿಸಿಲಿನ ನಡುವೆ ತಣ್ಣನೆಯ ಗಾಳಿ, ಅದರಲ್ಲಿ ಒದ್ದೆ ಮಣ್ಣಿನ ವಾಸನೆ. ಫಾಫಾ ನನ್ನ ತೋಳು ಹಿಡಿದಳು. ಇಬ್ಬರೂ ಹಿಂತಿರುಗಿ ನೋಡದೆ ಹತ್ತಿದೆವು. ಮೊದಲು ಗರಿಗಳು ಸರಸರ ಎಂದವು. ಆಮೇಲೆ ದೊಡ್ಡ ಲಾರಿಯೊಂದು ಕಲ್ಲು ಸುರಿಯುವ ಸದ್ದು, ಅದು ನಿಲ್ಲಲೇ ಇಲ್ಲ. ಮೇಲೆ ಹೋಗಿ ತಿರುಗಿದಾಗ ತೋಟಗಳ ನಡುವಿನ ಮಣ್ಣುಗೋಡೆಗಳು ಒಂದೊಂದಾಗಿ ಕೂರುತ್ತಿದ್ದವು. ನೀರು ಕಂದು ಬಣ್ಣದ್ದು, ಅದರ ಮುಂಭಾಗ ನೀರಿನಂತೆಯೇ ಇರಲಿಲ್ಲ. ಕಸ, ಕೊಂಬೆ, ಕಲ್ಲುಗಳ ಒಂದು ಗೋಡೆ ತಾನೇ ನಡೆದು ಬರುತ್ತಿದ್ದ ಹಾಗಿತ್ತು.

ಮೆನ್ನಾ ಕಾವಲು ಕೋಣೆಯಿಂದ ಓಡಿ ಬಂದಳು. ತಲೆಯ ಮೇಲೆ ಹೊದಿಕೆ ಇರಲಿಲ್ಲ. ಅಷ್ಟು ಗಂಡಸರ ನಡುವೆ ಯಾರೂ ಅದನ್ನು ಗಮನಿಸಲಿಲ್ಲ. ನನ್ನ ಹೆಗಲ ಮೇಲಿನ ಮಗುವನ್ನು ಮುಟ್ಟಿ, ಅದು ಉಸಿರಾಡುವುದನ್ನು ನೋಡಿ, ಅಲ್ಲೇ ನೆಲದ ಮೇಲೆ ಕೂತಳು.

ಸ್ಲಿಮಾನ್ ಸಂಜೆಯವರೆಗೆ ಮರದ ತುದಿಯಲ್ಲೇ ಇದ್ದ. ಮರ ತಡೆಯಿತು. ಹಗ್ಗ ಎಸೆದು ಎಳೆದುಕೊಂಡಾಗ ಅವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಒಂದು ವಾರ ಅವನ ಬಾಯಿಂದ ತಮಾಷೆ ಹೊರಡಲಿಲ್ಲ. ಹೇಸರಗತ್ತೆ ತಾನಾಗಿಯೇ ಈಜಿ ದಡ ಸೇರಿತು. ಹಮ್ಮೂ ಸಿಕ್ಕಿದ್ದು ನೀರು ಇಳಿದ ಮೇಲೆ, ಕೆಳಗಿನ ತೂಬಿನ ಬಳಿ.

ಊರು ಮೆನ್ನಾಳನ್ನು ಹೊಗಳಿತು. ಈ ಸಲ ನಾನು ಹೊಗಳಲಿಲ್ಲ. ತೋಟದವರ ಸಂಘದವರು ಇನ್ನೆರಡು ಸೌರ ಫಲಕ ಹಾಕಿಸಿ, ಇನ್ನು ಮುಂದೆ ಮಲಗಬೇಕಿಲ್ಲದ ಹೊಸ ಲ್ಯಾಪ್‌ಟಾಪ್ ತಂದರು. ಹಳೆಯದನ್ನು ಎಸೆಯಲು ಮೆನ್ನಾ ಬಿಡಲಿಲ್ಲ. ಮನೆಗೆ ತಂದು ಅಡಿಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡಳು. ಕೂಸ್‌ಕೂಸ್ ಬೇಯುತ್ತಿರುವಾಗ ಅದನ್ನು ಮಲಗಿಸುವಳು, ಎಬ್ಬಿಸುವಳು. ಚಳಿಗಾಲವಿಡೀ ಹೀಗೇ ನಡೆಯಿತು. ಫಾಫಾ ಒಂದು ದಿನ ನನಗೆ, "ನಿಮ್ಮ ತಂಗಿಗೆ ಏನೋ ಆಗಿದೆ, ಹೋಗಿ ಮಾತಾಡಿ," ಎಂದಳು. ನಾನು ಹೋದೆ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಕಾದ ಹೆಂಚು ಇಟ್ಟಿದ್ದಳು.

"ಬಿಸಿ ಅಣ್ಣಾ," ಎಂದಳು. "ತಣ್ಣಗಿದ್ದಾಗ ಎಷ್ಟು ಸಲ ಮಲಗಿಸಿದ್ರೂ ಏಳುತ್ತೆ. ಅಲ್ಲಿ ಕೋಣೇಲಿ ಒಲೆ ಪಕ್ಕಾನೇ ಇಡ್ತಿದ್ರು. ಕಾದಿದ್ದಾಗ ಕರೆಂಟ್ ಉಳಿಸೋಕೆ ಅಂತ ಕಾರ್ಡು ಇನ್ನೂ ಆಳದ ನಿದ್ದೆಗೆ ಹೋಗುತ್ತೆ, ಅಲ್ಲಿಂದ ವಾಪಸ್ ಬರಲ್ಲ. ಆ ಆಳದ ನಿದ್ದೆ ಬೇಡ ಅಂತ ಹೇಳೋದಕ್ಕೆ ಒಂದು ಸಾಲು ಬರೆದ್ರೆ ಸಾಕಿತ್ತು. ಒಂದೇ ಸಾಲು. ಬರೆದೆ. ಈಗ ಬೆಂಕಿಯ ಪಕ್ಕ ಇಟ್ರೂ ಏಳ್ತಿದೆ."

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡಲಾದರೂ ಆಗುತ್ತಿತ್ತು.

ಮಾರನೆಯ ದಿನ ಅವಳು ಹಮ್ಮೂನ ಮನೆಗೆ ಹೋಗಬೇಕೆಂದಳು. ಬೇಡವೆಂದೆ, ಕೇಳಲಿಲ್ಲ. ನಾನು ಅಂಗಳದಲ್ಲಿ ಕೂತೆ. ಬಾಗಿಲು ತೆರೆದಿದ್ದರಿಂದ ಮಾತು ಕೇಳಿಸುತ್ತಿತ್ತು. ಕಾರ್ಡು, ನಿದ್ದೆ, ಬಿಸಿ, ಒಂದು ಸಾಲು, ಎಲ್ಲವನ್ನೂ ಮೆನ್ನಾ ಬಿಡದೆ ಹೇಳಿದಳು. ಹಮ್ಮೂನ ಹೆಂಡತಿ ಕೊನೆಯವರೆಗೆ ಕೇಳಿಸಿಕೊಂಡಳು. ಮುಗಿದ ಮೇಲೆ ಆಕೆ ಕೇಳಿದಳು:

"ಅವನಿಗೆ ಮದ್ದಿನ ಸದ್ದು ಕೇಳಿತ್ತಾ?"

"ಕೇಳಿತ್ತು. ನಮ್ಮಣ್ಣನ ಹತ್ರ ಮಾತಾಡಿದಾನೆ."

"ಏನಂದ?"

"ಹೇಸರಗತ್ತೆ ಬಿಚ್ಚಿ ಬರ್ತೀನಿ ಅಂದ."

"ಅವನು ಹಾಗೇ," ಎಂದಳು ಆಕೆ. ಲೋಟಕ್ಕೆ ಚಹಾ ಸುರಿಯುವ ಸದ್ದು ಕೇಳಿಸಿತು. "ಕುಡಿ. ನನ್ನ ಹತ್ರ ಹೇಳಿದ್ದನ್ನ ಕೆಳಗಿನ ಊರುಗಳಿಗೂ ಹೋಗಿ ಹೇಳು. ಅವರ ಹತ್ರಾನೂ ಇಂಥವೇ ಇರ್ತವೆ."

ಮೆನ್ನಾ ಆ ವಾರವೇ ಹೊರಟಳು. ಊರಿಂದೂರಿಗೆ ನಾನು ಜೊತೆಗೆ ಹೋದೆ.